ಹಳೇ ಲ್ಯಾಪ್‌ಟಾಪ್, ಲಿನಕ್ಸ್, ಕ್ಯಾನ್‌ಬೋರ್ಡ್: ಪುಟ್ಟ ತಂಡಕ್ಕೆ ಕೆಲಸದ ಹಲಗೆ ಕಟ್ಟಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಬೇಕು ಅಂದ ತಕ್ಷಣ ಜನ ದೊಡ್ಡದನ್ನೇ ಹುಡುಕುತ್ತಾರೆ. ಓಪನ್‌ಪ್ರಾಜೆಕ್ಟ್ ಒಳ್ಳೆಯದೇ, ಆದರೆ ಸರ್ವರ್‌ಗೆ ಕನಿಷ್ಠ 4 ಜಿಬಿ ರ್‍ಯಾಮ್ ಕೇಳುತ್ತದೆ. ರೆಡ್‌ಮೈನ್ ನಿಂತಿರುವುದು ರೂಬಿ ಆನ್ ರೈಲ್ಸ್ ಮೇಲೆ. ರೂಬಿ ಪರಿಚಯ ಇಲ್ಲದವರಿಗೆ ಅದನ್ನು ಎಬ್ಬಿಸಿ ನಿಲ್ಲಿಸುವುದೇ ಒಂದು ಪ್ರಾಜೆಕ್ಟ್. ಇನ್ನು ಕೆಲವರು "ನಮಗೆ ಬೇಕಾದ್ದನ್ನ ನಾವೇ ಬರೆದುಕೊಳ್ಳೋಣ" ಅಂತ ಹೊರಡುತ್ತಾರೆ. ಮೊದಲ ವಾರ ಚೆನ್ನಾಗಿರುತ್ತದೆ. ಆಮೇಲೆ ಪಾಸ್‌ವರ್ಡ್ ಮರೆತವರು, ಫೈಲ್ ಅಪ್‌ಲೋಡ್, ಇಮೇಲ್, ಬ್ಯಾಕಪ್ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ.

ಇವೆರಡರ ನಡುವೆ ಒಂದು ದಾರಿ ಇದೆ. ಆಗಲೇ ಚಿಕ್ಕದಾಗಿರುವ ಒಂದನ್ನು ತಗೊಳ್ಳಿ. ಅದರ ಮೂಲ ಕೋಡ್ ಮುಟ್ಟದೆ, ಹೊರಗಿನಿಂದ ನಿಮಗೆ ಬೇಕಾದ ಹಾಗೆ ಬಗ್ಗಿಸಿ. ಮೊದಲು ಸೆಟ್ಟಿಂಗ್, ಅದು ಸಾಲದಿದ್ದರೆ ಆಟೊಮ್ಯಾಟಿಕ್ ಆ್ಯಕ್ಷನ್ (ತಾನಾಗಿ ನಡೆಯುವ ನಿಯಮ), ಅದೂ ಸಾಲದಿದ್ದರೆ ಸಿಎಸ್‌ಎಸ್ (ಪುಟದ ನೋಟ ಬದಲಿಸುವ ಸಾಲುಗಳು), ಕಟ್ಟಕಡೆಗೆ ಪ್ಲಗಿನ್ (ಹೊರಗಿನಿಂದ ಸೇರಿಸುವ ಪುಟ್ಟ ಕೋಡ್). ಈ ಬರಹದ ಕ್ರಮವೂ ಅದೇ.

ನಾನು ಆರಿಸಿಕೊಂಡಿರುವುದು ಕ್ಯಾನ್‌ಬೋರ್ಡ್. ಕೆಲಸಗಳನ್ನು ಕಾರ್ಡುಗಳಾಗಿ ಬರೆದು ಕಾಲಮ್‌ನಿಂದ ಕಾಲಮ್‌ಗೆ ಸರಿಸುತ್ತಾ ಹೋಗುವ ಹಲಗೆಯಂಥ ತಂತ್ರಾಂಶ ಇದು, ಫ್ರೆಡೆರಿಕ್ ಗಿಯೊ 2014ರಲ್ಲಿ ಶುರು ಮಾಡಿದ್ದು. ಪಿಎಚ್‌ಪಿಯಲ್ಲಿ ಬರೆದದ್ದು, ಎಂಐಟಿ ಲೈಸೆನ್ಸ್ ಇದೆ, ಲಗತ್ತಿಸಿದ ಫೈಲುಗಳನ್ನು ಬಿಟ್ಟರೆ ಡೇಟಾ ಎಲ್ಲ ಎಸ್‌ಕ್ಯುಲೈಟ್ ಡೇಟಾಬೇಸಿನ ಒಂದೇ ಒಂದು ಫೈಲಿನಲ್ಲಿ ಕೂರುತ್ತದೆ. ಈಗ ಅದು ಮೇಂಟೆನೆನ್ಸ್ ಹಂತದಲ್ಲಿದೆ. ಅಂದರೆ ದೋಷ ತಿದ್ದುತ್ತಾರೆ, ದೊಡ್ಡ ಹೊಸ ಸೌಲಭ್ಯ ಸೇರಿಸುವುದಿಲ್ಲ. ಕೆಲವರಿಗೆ ಇದು ಕೊರತೆ ಅನ್ನಿಸಬಹುದು. ನನಗಂತೂ ಇದೇ ಇಷ್ಟ. ಮೆನು ಎಲ್ಲಿತ್ತೋ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.

ಒಬ್ಬರೇ ಕೆಲಸ ಮಾಡುವವರಿಗೆ ಇದೂ ಜಾಸ್ತಿಯೇ. ಟರ್ಮಿನಲ್‌ನಲ್ಲಿ ಓಡುವ ಟಾಸ್ಕ್‌ವಾರಿಯರ್ ಸಾಕು, ಇಲ್ಲವೇ ಒಂದು ಟೆಕ್ಸ್ಟ್ ಫೈಲ್ ಸಾಕು. ಗ್ಯಾಂಟ್ ಚಾರ್ಟ್ (ಯಾವ ಕೆಲಸಕ್ಕೆ ಎಷ್ಟು ದಿನ ಅಂತ ಪಟ್ಟೆಗಳಲ್ಲಿ ತೋರಿಸುವ ನಕ್ಷೆ) ಬೇಕೇ ಬೇಕು ಅನ್ನುವವರು ಗ್ಯಾಂಟ್‌ಪ್ರಾಜೆಕ್ಟ್ ನೋಡಿ. ಮೂರರಿಂದ ಹದಿನೈದು ಜನ, ಒಂದೇ ಕೆಲಸ ಕೈಯಿಂದ ಕೈಗೆ ದಾಟಬೇಕು ಅನ್ನುವಲ್ಲಿ ಕ್ಯಾನ್‌ಬೋರ್ಡ್ ಸರಿ.

ಉದಾಹರಣೆಗೆ ಒಂದು ಸ್ಮರಣ ಸಂಚಿಕೆ ಇಟ್ಟುಕೊಳ್ಳೋಣ. ಊರಿನ ಶಾಲೆಗೆ ಐವತ್ತು ವರ್ಷ ತುಂಬಿದೆ. ಲೇಖನ ತರಿಸಬೇಕು, ಜಾಹೀರಾತು ಹಿಡಿಯಬೇಕು, ಕರಡು ತಿದ್ದಬೇಕು, ಪುಟ ಕಟ್ಟಿ ಅಚ್ಚಿಗೆ ಕೊಡಬೇಕು. ಆರು ಜನ ಇದ್ದೀರಿ. ಈಗ ಎಲ್ಲವೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಅದೇನಾಯ್ತು?" ಅಂತ ಕೇಳುತ್ತಾ ನಡೆಯುತ್ತಿದೆ.

ಒಂದು ಮಾತು ಮೊದಲೇ: ಕಮಾಂಡ್, ಫೈಲ್ ಹೆಸರುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು.

ಹಂತ 1: ಯಂತ್ರ ಸಿದ್ಧ ಮಾಡುವುದು

ಮೂಲೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ಆದೀತು. ರ್‍ಯಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಕೂಡ ಆದೀತು. ನನ್ನ ಆಯ್ಕೆ ಲ್ಯಾಪ್‌ಟಾಪ್. ಕರೆಂಟ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದಲ್ವಾ! ಲಿನಕ್ಸ್‌ನಲ್ಲಿ ಡೆಬಿಯನ್ 12 ಅಥವಾ ಉಬುಂಟು 24.04 ಹಾಕಿ. ಮೊದಲನೆಯದರಲ್ಲಿ ಪಿಎಚ್‌ಪಿ 8.2 ಬರುತ್ತದೆ, ಎರಡನೆಯದರಲ್ಲಿ 8.3. ಕ್ಯಾನ್‌ಬೋರ್ಡ್‌ಗೆ ಎರಡೂ ಆಗುತ್ತವೆ. ಡೆಸ್ಕ್‌ಟಾಪ್ ಪರದೆ ಬೇಡ, ಇನ್‌ಸ್ಟಾಲ್ ಮಾಡುವಾಗ ಅದರ ಟಿಕ್ ತೆಗೆದುಬಿಡಿ. ಉಳಿಯುವ ರ್‍ಯಾಮ್ ಎಷ್ಟೋ.

ಲ್ಯಾಪ್‌ಟಾಪ್ ಮುಚ್ಚಿಟ್ಟರೆ ಅದು ನಿದ್ದೆಗೆ ಜಾರುತ್ತದೆ. ಹಾಗಾಗದಿರಲು ಇಟಿಸಿ ಫೋಲ್ಡರ್, ಅದರೊಳಗಿನ ಸಿಸ್ಟಮ್‌ಡಿ ಫೋಲ್ಡರ್, ಅಲ್ಲಿರುವ ಲಾಗಿನ್‌ಡಿ.ಕಾನ್ಫ್ ಫೈಲ್ ತೆರೆಯಿರಿ. ಹ್ಯಾಂಡಲ್‌ಲಿಡ್‌ಸ್ವಿಚ್ ಅನ್ನುವ ಸಾಲಿನ ಆರಂಭದ ಹ್ಯಾಷ್ ಗುರುತು ತೆಗೆದು, ಮೌಲ್ಯವನ್ನು ಇಗ್ನೋರ್ ಅಂತ ಮಾಡಿ ರೀಬೂಟ್ ಕೊಡಿ.

ಇನ್ನೊಂದು: ನಿಮ್ಮ ರೌಟರ್‌ನ ಪುಟದಲ್ಲಿ ಈ ಯಂತ್ರಕ್ಕೆ ಒಂದು ಖಾಯಂ ಐಪಿ ವಿಳಾಸ ಕಾದಿರಿಸಿ. ಇಲ್ಲದಿದ್ದರೆ ರೌಟರ್ ಆಫ್ ಆಗಿ ಆನ್ ಆದಾಗಲೆಲ್ಲ ವಿಳಾಸ ಬದಲಾಗಿ "ಬೋರ್ಡ್ ಓಪನ್ ಆಗ್ತಿಲ್ಲ" ಅಂತ ಫೋನ್ ಬರುತ್ತದೆ.

ಹಂತ 2: ಕ್ಯಾನ್‌ಬೋರ್ಡ್ ಇಳಿಸಿ ನಿಲ್ಲಿಸುವುದು

ಡೆಬಿಯನ್, ಉಬುಂಟುವಿನ ಎಪಿಟಿ ಕಮಾಂಡ್ ಮೂಲಕ ಹಾಕಬೇಕಾದ ಪ್ಯಾಕೇಜುಗಳು ಇಷ್ಟು: ಅಪಾಚೆ2 (ಬ್ರೌಸರ್‌ಗೆ ಪುಟ ಕಳಿಸುವ ವೆಬ್ ಸರ್ವರ್), ಅಪಾಚೆಯ ಪಿಎಚ್‌ಪಿ ಮಾಡ್ಯೂಲ್, ಆಮೇಲೆ ಪಿಎಚ್‌ಪಿಯ ಎಸ್‌ಕ್ಯುಲೈಟ್3, ಜಿಡಿ, ಎಂಬಿಸ್ಟ್ರಿಂಗ್, ಎಕ್ಸ್‌ಎಂಎಲ್, ಕರ್ಲ್, ಜಿಪ್ ವಿಸ್ತರಣೆಗಳು. ಎಂಬಿಸ್ಟ್ರಿಂಗ್ ಮರೆಯಬೇಡಿ. ಕನ್ನಡದ ಒಂದೊಂದು ಅಕ್ಷರಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಪಠ್ಯವನ್ನು ಬೈಟ್ ಲೆಕ್ಕದಲ್ಲಿ ಅಲ್ಲದೆ ಅಕ್ಷರದ ಲೆಕ್ಕದಲ್ಲಿ ಕತ್ತರಿಸುವ ಕೆಲಸ ಎಂಬಿಸ್ಟ್ರಿಂಗ್‌ನದು.

ಗಿಟ್‌ಹಬ್‌ನ ಕ್ಯಾನ್‌ಬೋರ್ಡ್ ಪುಟದಲ್ಲಿ ರಿಲೀಸಸ್ ವಿಭಾಗದಿಂದ ಹೊಸ ಆವೃತ್ತಿಯ ಕಟ್ಟು ಇಳಿಸಿ. ಬಿಚ್ಚಿ ವಾರ್ ಫೋಲ್ಡರಿನ ಒಳಗಿರುವ ಅಪಾಚೆಯ ಎಚ್‌ಟಿಎಂಎಲ್ ಫೋಲ್ಡರಿಗೆ ಹಾಕಿ. ಹೆಸರು ಸುಮ್ನೆ ಕ್ಯಾನ್‌ಬೋರ್ಡ್ ಅಂತ ಇರಲಿ. ಈಗ ಅದರೊಳಗಿನ ಡೇಟಾ ಫೋಲ್ಡರನ್ನು ಮಾತ್ರ, ಚೌನ್ ಕಮಾಂಡ್ ಬಳಸಿ, ವೆಬ್ ಸರ್ವರ್‌ನ ಬಳಕೆದಾರನ ಹೆಸರಿಗೆ ಮಾಡಿ. ಆ ಬಳಕೆದಾರನ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ. ಇಡೀ ಫೋಲ್ಡರನ್ನು ಅವನಿಗೆ ಬರೆದುಕೊಡುವ ಅಗತ್ಯ ಇಲ್ಲ. ಕೋಡ್ ಇರುವ ಕಡೆ ವೆಬ್ ಸರ್ವರ್ ಓದಿದರೆ ಸಾಕು, ಬರೆಯಬಾರದು.

ಈಗ ಮುಖ್ಯವಾದ ಜಾಗ. ಹೆಚ್ಚಿನ ಮಾರ್ಗದರ್ಶಿಗಳು ಇದನ್ನು ಹಾರಿಸಿಬಿಡುತ್ತವೆ.

ಕ್ಯಾನ್‌ಬೋರ್ಡ್‌ನ ಡೇಟಾ ಫೋಲ್ಡರಿನಲ್ಲಿ ಒಂದು ಎಚ್‌ಟಿಆ್ಯಕ್ಸೆಸ್ ಫೈಲ್ ಇರುತ್ತದೆ. ಹೊರಗಿನವರು ಡೇಟಾಬೇಸ್ ಇಳಿಸಿಕೊಳ್ಳದಂತೆ ತಡೆಯುವುದು ಅದರ ಕೆಲಸ. ಆದರೆ ಡೆಬಿಯನ್, ಉಬುಂಟು ಎರಡರಲ್ಲೂ ಅಪಾಚೆ ಆ ಫೈಲನ್ನು ಓದುವುದೇ ಇಲ್ಲ! ಅಪಾಚೆ2.ಕಾನ್ಫ್ ಫೈಲಿನಲ್ಲಿ ಎಚ್‌ಟಿಎಂಎಲ್ ಫೋಲ್ಡರಿನ ಮೇಲಿನ ಫೋಲ್ಡರಿಗೆ ಸಂಬಂಧಪಟ್ಟ ಕಟ್ಟೊಂದು ಇದೆ. ಅದರೊಳಗೆ ಅಲೌಓವರ್‌ರೈಡ್ ಅನ್ನುವ ಸಾಲು ನನ್ ಅಂತ ಇರುತ್ತದೆ. ಅದನ್ನು ಆಲ್ ಅಂತ ಬದಲಿಸಿ ಅಪಾಚೆಯನ್ನು ರೀಲೋಡ್ ಮಾಡಿ.

ಮಾಡಿದ ಮೇಲೆ ಪರೀಕ್ಷಿಸಿ. ಬ್ರೌಸರ್‌ನಲ್ಲಿ ಕ್ಯಾನ್‌ಬೋರ್ಡ್ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಡೇಟಾ, ಮತ್ತೊಂದು ಓರೆಗೆರೆ, ಡಿಬಿ.ಎಸ್‌ಕ್ಯುಲೈಟ್ ಅಂತ ಹೊಡೆಯಿರಿ. 403, ಫರ್ಬಿಡನ್ ಅಂತ ಬಂದರೆ ಸರಿ. ಫೈಲ್ ಡೌನ್‌ಲೋಡ್ ಆದರೆ ನಿಮ್ಮ ಬೋರ್ಡ್, ಬಳಕೆದಾರರ ಪಟ್ಟಿ, ಪಾಸ್‌ವರ್ಡ್ ಹ್ಯಾಷ್ (ಅಂದರೆ ಪಾಸ್‌ವರ್ಡಿನ ಗೂಢರೂಪ) ಎಲ್ಲವೂ ಬೀದಿಯಲ್ಲಿದೆ ಅಂತ ಅರ್ಥ. ಅಪಾಚೆ ಬದಲು ಎಂಜಿನ್‌ಎಕ್ಸ್ ಬಳಸುವವರಿಗೆ ಎಚ್‌ಟಿಆ್ಯಕ್ಸೆಸ್ ಅನ್ನುವ ಸಂಗತಿಯೇ ಇಲ್ಲ. ಡೇಟಾ ಫೋಲ್ಡರಿಗೆ ಡಿನೈ ನಿಯಮವನ್ನು ನೀವೇ ಬರೆಯಬೇಕು.

ಲಾಗಿನ್ ಪುಟ ಬಂತಾ? ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಒಳಗೆ ಹೋದ ತಕ್ಷಣ ಬದಲಿಸಿ.

ಇಷ್ಟೆಲ್ಲ ಮಾಡುವ ಮೊದಲು ರುಚಿ ನೋಡಬೇಕು ಅನ್ನುವವರು ಅಪಾಚೆ ಬಿಟ್ಟು, ಕ್ಯಾನ್‌ಬೋರ್ಡ್ ಫೋಲ್ಡರಿನಲ್ಲಿ ನಿಂತು, ಪಿಎಚ್‌ಪಿಗೆ ಡ್ಯಾಷ್ ದೊಡ್ಡ ಎಸ್ ಕೊಟ್ಟು ಲೋಕಲ್‌ಹೋಸ್ಟ್ ಕೋಲನ್ 8080 ಅಂತ ಓಡಿಸಬಹುದು. ಪಿಎಚ್‌ಪಿಯ ಒಳಗೇ ಇರುವ ಪುಟ್ಟ ಸರ್ವರ್ ಅದು. ಪರೀಕ್ಷೆಗೆ ಸಾಕು, ದಿನದ ಬಳಕೆಗೆ ಬೇಡ.

ಹಂತ 3: ಮೊದಲ ದಿನವೇ ಸರಿಪಡಿಸಬೇಕಾದ ಸೆಟ್ಟಿಂಗ್

ಅಪ್ಲಿಕೇಶನ್ ಸೆಟ್ಟಿಂಗ್ಸ್‌ಗೆ ಹೋಗಿ ಟೈಮ್‌ಜೋನ್ ಅನ್ನು ಏಷ್ಯಾ, ಕೋಲ್ಕತ್ತಾ ಅಂತ ಮಾಡಿ. ಇಲ್ಲದಿದ್ದರೆ ಯುಟಿಸಿ (ಜಾಗತಿಕ ಸಮಯ) ಲೆಕ್ಕ ಹಿಡಿದು ಐದೂವರೆ ಗಂಟೆ ಹಿಂದೆ ಇರುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಾರ್ಡ್ ಮುಗಿಸಿದವರ ಕೆಲಸ ಹಿಂದಿನ ದಿನಕ್ಕೆ ಸೇರಿಬಿಡುತ್ತದೆ. ದಿನಾಂಕದ ರೂಪವನ್ನೂ ದಿನ, ತಿಂಗಳು, ವರ್ಷದ ಕ್ರಮಕ್ಕೆ ತನ್ನಿ. ಅಮೆರಿಕದ ಕ್ರಮದಲ್ಲಿ ಬಿಟ್ಟರೆ 5/6 ಅನ್ನುವುದು ಮೇ ತಿಂಗಳೋ ಜೂನೋ ಅಂತ ಜಗಳ ಆಗುತ್ತದೆ.

ಮುಂದಿನದು ಪಿಎಚ್‌ಪಿಯ ಸೆಟ್ಟಿಂಗ್. ಪಿಎಚ್‌ಪಿ.ಐಎನ್‌ಐ ಫೈಲಿನಲ್ಲಿ ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್ ಮೊದಲಿಗೆ 2 ಎಂಬಿ ಇರುತ್ತದೆ, ಪೋಸ್ಟ್ ಮ್ಯಾಕ್ಸ್ ಸೈಜ್ 8 ಎಂಬಿ. ಇವತ್ತಿನ ಫೋನಿನ ಒಂದು ಫೋಟೊವೇ 2 ಎಂಬಿ ದಾಟುತ್ತದೆ. ಕರಡಿನ ಪಿಡಿಎಫ್ ಕೇಳಲೇಬೇಡಿ. ಎರಡನ್ನೂ ಏರಿಸಿ, 40 ಮತ್ತು 48 ಇರಲಿ. ಪೋಸ್ಟ್ ಸೈಜ್ ಯಾವಾಗಲೂ ಫೈಲ್ ಸೈಜ್‌ಗಿಂತ ಸ್ವಲ್ಪ ದೊಡ್ಡದಿರಬೇಕು. ಅಪಾಚೆಗೆ ಬೇರೆ, ಟರ್ಮಿನಲ್‌ಗೆ ಬೇರೆ ಪಿಎಚ್‌ಪಿ.ಐಎನ್‌ಐ ಇರುತ್ತದೆ. ತಿದ್ದಬೇಕಾದ್ದು ಅಪಾಚೆಯದು. ತಿದ್ದಿದ ಮೇಲೆ ಅಪಾಚೆ ರೀಸ್ಟಾರ್ಟ್.

ಹಂತ 4: ಬೋರ್ಡ್ ಜೋಡಿಸುವುದು

ಹೊಸ ಪ್ರಾಜೆಕ್ಟ್ ಮಾಡಿದರೆ ನಾಲ್ಕು ಕಾಲಮ್ ತಾನಾಗಿ ಬರುತ್ತವೆ: ಬ್ಯಾಕ್‌ಲಾಗ್, ರೆಡಿ, ವರ್ಕ್ ಇನ್ ಪ್ರೋಗ್ರೆಸ್, ಡನ್. ಸಾಫ್ಟ್‌ವೇರ್ ಕಂಪನಿಗೆ ಇದು ಸರಿ. ಸ್ಮರಣ ಸಂಚಿಕೆಗೆ ಅಲ್ಲ. ತೆಗೆದುಹಾಕಿ ನಿಮ್ಮದನ್ನೇ ಬರೆಯಿರಿ: ಕೇಳಿದ್ದೇವೆ, ಕೈಗೆ ಬಂತು, ಕರಡು ತಿದ್ದುವಿಕೆ, ಪುಟ ಜೋಡಣೆ, ಅಚ್ಚಿಗೆ ಹೋಯ್ತು. ಕನ್ನಡದಲ್ಲೇ ಟೈಪ್ ಮಾಡಿ, ಏನೂ ತೊಂದರೆ ಇಲ್ಲ.

ಕಾಲಮ್ ಹೆಸರು ಇಡುವಾಗ ಒಂದು ಕಿವಿಮಾತು. "ನಡೆಯುತ್ತಿದೆ" ಅನ್ನುವಂಥ ಹೆಸರು ಬೇಡ. ಅದರಲ್ಲಿ ಎಲ್ಲವೂ ಬಂದು ಸೇರಿಕೊಳ್ಳುತ್ತದೆ, ಯಾವುದೂ ಹೊರಗೆ ಹೋಗುವುದಿಲ್ಲ. ಕಾರ್ಡ್ ಈಗ ಯಾರ ಮೇಜಿನ ಮೇಲಿದೆ ಅನ್ನುವುದು ಹೆಸರಿನಿಂದಲೇ ಗೊತ್ತಾಗಬೇಕು. ಕರಡು ತಿದ್ದುವಿಕೆ ಅಂದರೆ ಕರಡು ತಿದ್ದುವವರ ಮೇಜು. ಅಷ್ಟೇ.

ಅಡ್ಡ ಸಾಲುಗಳಿಗೆ ಸ್ವಿಮ್‌ಲೇನ್ ಅನ್ನುತ್ತಾರೆ. ಲೇಖನ ಒಂದು ಸಾಲು, ಜಾಹೀರಾತು ಒಂದು ಸಾಲು. ಫೋಟೊಗೆ ಮೂರನೆಯದು ಬೇಕಾ ಅಂತ ಯೋಚಿಸಿ ಹಾಕಿ. ಮೂರಕ್ಕಿಂತ ಜಾಸ್ತಿ ಸಾಲು ಆದರೆ ಪರದೆಯಲ್ಲಿ ಕೆಳಗೆ ಕೆಳಗೆ ಎಳೆಯುತ್ತಾ ಕೂರಬೇಕು. ಉಳಿದ ವಿಂಗಡಣೆಗೆ ಕ್ಯಾಟಗರಿ ಇದೆ, ಟ್ಯಾಗ್ ಇದೆ.

ಈಗ ಟಾಸ್ಕ್ ಲಿಮಿಟ್. ಕಾಲಮ್ ತಿದ್ದುವ ಪುಟದಲ್ಲಿ ಇದೊಂದು ಪುಟ್ಟ ಖಾಲಿ ಚೌಕ, ಎಷ್ಟೋ ಜನ ಖಾಲಿಯೇ ಬಿಡುತ್ತಾರೆ. ನನ್ನ ಕೇಳಿದರೆ ಇಡೀ ತಂತ್ರಾಂಶದಲ್ಲಿ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ. ಟೊಯೊಟಾ ಕಾರ್ಖಾನೆಯಲ್ಲಿ ಎಂಜಿನಿಯರ್ ತೈಚಿ ಓನೊ ಕ್ಯಾನ್‌ಬಾನ್ ಅನ್ನುವ ಕಾರ್ಡ್ ಪದ್ಧತಿ ತಂದದ್ದೇ ಮುಂದಿನವರು ಕೇಳುವ ಮೊದಲು ಹಿಂದಿನವರು ಮಾಡಿ ಗುಡ್ಡೆ ಹಾಕಬಾರದು ಅಂತ. ಕರಡು ತಿದ್ದುವವರು ಇಬ್ಬರೇ ಇದ್ದರೆ ಆ ಕಾಲಮ್‌ಗೆ 6 ಅಂತ ಮಿತಿ ಹಾಕಿ. ಏಳನೇ ಲೇಖನ ಬಂದಾಗ ಕ್ಯಾನ್‌ಬೋರ್ಡ್ ತಡೆಯುವುದಿಲ್ಲ, ಕಾಲಮ್‌ನ ಬಣ್ಣ ಬದಲಿಸಿ ತೋರಿಸುತ್ತದೆ. ಆಗ ಮಾಡಬೇಕಾದ್ದು ಲೇಖನ ಕೇಳುವುದನ್ನು ನಿಲ್ಲಿಸಿ, ಕೈ ಖಾಲಿ ಇರುವವರನ್ನು ಕರಡು ತಿದ್ದಲು ಕೂರಿಸುವುದು. ಮಿತಿಯನ್ನು 10 ಮಾಡಿದರೆ ಬಣ್ಣ ಹೋಗುತ್ತದೆ, ಗುಡ್ಡೆ ಹೋಗುವುದಿಲ್ಲ.

ಕಾರ್ಡ್ ತುಂಬುವುದು ಸುಲಭ. ಕಾಲಮ್ ಹೆಸರಿನ ಪಕ್ಕದ ಮೆನುವಿನಲ್ಲಿ ಒಟ್ಟಿಗೆ ಹಲವು ಟಾಸ್ಕ್ ಸೇರಿಸುವ ಆಯ್ಕೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಇದ್ದ ಪಟ್ಟಿಯನ್ನು ಕಾಪಿ ಮಾಡಿ ಅಂಟಿಸಿ. ಸಾಲಿಗೊಂದು ಕಾರ್ಡ್ ಆಗುತ್ತದೆ. ಕೀಬೋರ್ಡ್ ಪ್ರಿಯರಿಗೆ: ಬೋರ್ಡ್ ಮೇಲೆ ಎನ್ ಒತ್ತಿದರೆ ಹೊಸ ಕಾರ್ಡ್, ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಎಲ್ಲ ಶಾರ್ಟ್‌ಕಟ್‌ಗಳ ಪಟ್ಟಿ.

ಯಾರಿಗೆ ಯಾವ ಅಧಿಕಾರ? ಪ್ರಾಜೆಕ್ಟ್ ಮಟ್ಟದಲ್ಲಿ ಮ್ಯಾನೇಜರ್, ಮೆಂಬರ್, ವ್ಯೂವರ್ ಅಂತ ಮೂರು ಪಾತ್ರ. ಕಾಲಮ್, ನಿಯಮ ಬದಲಿಸುವ ಮ್ಯಾನೇಜರ್ ಒಬ್ಬರೇ ಇರಲಿ. ಶಾಲೆಯ ಹಿರಿಯರು "ಎಲ್ಲಿಗೆ ಬಂತಪ್ಪ?" ಅಂತ ನೋಡಲು ಮಾತ್ರ ಬರುವವರಾದರೆ ಪಬ್ಲಿಕ್ ಆ್ಯಕ್ಸೆಸ್ ಆನ್ ಮಾಡಿ ಬರುವ ಲಿಂಕ್ ಕಳಿಸಿ. ಲಾಗಿನ್ ಇಲ್ಲದೆ ನೋಡಬಹುದು, ಏನನ್ನೂ ಮುಟ್ಟಲು ಆಗುವುದಿಲ್ಲ.

ಹಂತ 5: ಆಟೊಮ್ಯಾಟಿಕ್ ಆ್ಯಕ್ಷನ್

ಪ್ಲಗಿನ್ ಬರೆಯಬೇಕು ಅನ್ನಿಸುವ ಹತ್ತರಲ್ಲಿ ಎಂಟು ಸಂಗತಿ ಇಲ್ಲೇ ಮುಗಿಯುತ್ತವೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಆಟೊಮ್ಯಾಟಿಕ್ ಆ್ಯಕ್ಷನ್ಸ್ ತೆರೆದರೆ ಮೂರು ಪ್ರಶ್ನೆ ಕೇಳುತ್ತದೆ: ಏನು ಮಾಡಬೇಕು, ಯಾವಾಗ, ಯಾವ ಕಾಲಮ್ ಅಥವಾ ಯಾರಿಗೆ.

ಸಂಚಿಕೆಗೆ ಮೂರು ನಿಯಮ ಸಾಕು. ಕಾರ್ಡ್ ಕರಡು ತಿದ್ದುವಿಕೆಗೆ ಬಂದ ಕೂಡಲೇ ಕರಡು ತಿದ್ದುವವರ ಹೆಸರಿಗೆ ಹೋಗಲಿ. ಅಚ್ಚಿಗೆ ಹೋಯ್ತು ಕಾಲಮ್‌ಗೆ ಬಂದರೆ ತಾನಾಗಿ ಮುಚ್ಚಿಕೊಳ್ಳಲಿ. ಮುಚ್ಚಿದ ಕಾರ್ಡ್ ಬೋರ್ಡಿನಿಂದ ಮರೆಯಾಗುತ್ತದೆ, ಅಳಿಸಿಹೋಗುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಸ್ಟೇಟಸ್ ಕೋಲನ್ ಕ್ಲೋಸ್ಡ್ ಅಂದರೆ ಮತ್ತೆ ಕಾಣುತ್ತದೆ. ಮೂರನೆಯದು, ಐದು ದಿನ ಯಾರೂ ಮುಟ್ಟದ ಕಾರ್ಡ್ ಬಗ್ಗೆ ಸಂಪಾದಕರಿಗೆ ಇಮೇಲ್ ಹೋಗಲಿ.

ಈ ಮೂರನೆಯದು ಸುಮ್ನೆ ಕೆಲಸ ಮಾಡುವುದಿಲ್ಲ. ಇಮೇಲ್ ಕಳಿಸಲು ಎಸ್‌ಎಂಟಿಪಿ, ಅಂದರೆ ಮೇಲ್ ಕಳಿಸುವ ಸರ್ವರ್‌ನ, ವಿವರ ಬೇಕು. ಕಾನ್ಫಿಗ್.ಡೀಫಾಲ್ಟ್.ಪಿಎಚ್‌ಪಿ ಫೈಲನ್ನು ಕಾನ್ಫಿಗ್.ಪಿಎಚ್‌ಪಿ ಹೆಸರಲ್ಲಿ ಕಾಪಿ ಮಾಡಿ, ಮೇಲ್ ಅಂತ ಶುರುವಾಗುವ ಸಾಲುಗಳನ್ನು ಅಲ್ಲಿ ತುಂಬಿ. ಜೊತೆಗೆ ದಿನಕ್ಕೊಮ್ಮೆ ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕ್ರಾನ್ ಕೆಲಸ ಬೇಕು. ಕ್ರಾನ್‌ಟ್ಯಾಬ್ ಅನ್ನು ವೆಬ್ ಸರ್ವರ್ ಬಳಕೆದಾರನ ಹೆಸರಿನಲ್ಲೇ ತೆರೆದು, ಬೆಳಿಗ್ಗೆ 8 ಗಂಟೆಗೆ ಕ್ಯಾನ್‌ಬೋರ್ಡ್ ಫೋಲ್ಡರಿಗೆ ಹೋಗಿ ಸಿಎಲ್‌ಐ ಅನ್ನುವ ಸ್ಕ್ರಿಪ್ಟಿಗೆ ಕ್ರಾನ್‌ಜಾಬ್ ಅಂತ ಕೊಟ್ಟು ಓಡಿಸುವ ಸಾಲು ಬರೆಯಿರಿ. ರೂಟ್ (ಯಂತ್ರದ ಎಲ್ಲ ಅಧಿಕಾರ ಇರುವ ಬಳಕೆದಾರ) ಹೆಸರಿನಲ್ಲಿ ಓಡಿಸಬೇಡಿ. ಅದು ಮಾಡಿದ ಫೈಲುಗಳು ರೂಟ್ ಹೆಸರಿಗೆ ಹೋದರೆ ವೆಬ್ ಸರ್ವರ್‌ಗೆ ಅಲ್ಲಿ ಬರೆಯಲು ಆಗದೆ ಬೋರ್ಡ್ ಮೊಂಡು ಹಿಡಿಯುತ್ತದೆ. ಅನಾಲಿಟಿಕ್ಸ್‌ನ ಗ್ರಾಫ್‌ಗಳಿಗೂ ಇದೇ ಕ್ರಾನ್ ಬೇಕು. ಗ್ರಾಫ್ ಖಾಲಿ ಕಾಣುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಹಂತ 6: ಕನ್ನಡಕ್ಕೆ ಒಗ್ಗಿಸುವುದು

ಸರ್ವರ್‌ನಲ್ಲಿ ಫಾಂಟ್ ಬೇಕಿಲ್ಲ. ನೋಡುವವರ ಯಂತ್ರದಲ್ಲಿ ಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಇದ್ದೇ ಇರುತ್ತದೆ. ಡೆಬಿಯನ್ ಡೆಸ್ಕ್‌ಟಾಪ್‌ನಲ್ಲಿ ನೋಟೊ, ಲೋಹಿತ್, ಗುಬ್ಬಿ, ನವಿಲು ಎಲ್ಲವೂ ಎಪಿಟಿಯಲ್ಲೇ ಸಿಗುತ್ತವೆ. ಟೈಪಿಂಗ್‌ಗೆ ಐಬಸ್ ಜೊತೆ ಎಂ17ಎನ್ ಹಾಕಿ, ಕನ್ನಡದಲ್ಲಿ ಕೆಜಿಪಿ ಆರಿಸಿ. ಕೆ.ಪಿ. ರಾವ್ ವಿನ್ಯಾಸದ ಅದೇ ಕೀಲಿಮಣೆ, ನುಡಿ ತಂತ್ರಾಂಶದಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಕಾರ್ಡಿನ ತಲೆಬರಹದಲ್ಲಿ ಒತ್ತಕ್ಷರ ಕತ್ತರಿಸಿದಂತೆ ಕಾಣಬಹುದು. "ರಾಷ್ಟ್ರೋತ್ಥಾನ" ಅಂತ ಬರೆದು ನೋಡಿ, ಕೆಳಗಿನ ಒತ್ತು ಮುಂದಿನ ಸಾಲಿಗೆ ತಗುಲುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಇಟ್ಟ ಸಾಲಿನ ಅಂತರ ಅದು. ಕೋಡ್ ತಿದ್ದುವುದು ಬೇಡ. ಅಪ್ಲಿಕೇಶನ್ ಸೆಟ್ಟಿಂಗ್ಸ್‌ನ ಕೆಳಭಾಗದಲ್ಲಿ ಕಸ್ಟಮ್ ಸ್ಟೈಲ್‌ಶೀಟ್ ಅನ್ನುವ ಪೆಟ್ಟಿಗೆ ಇದೆ. ಕಾರ್ಡ್ ತಲೆಬರಹದ ಕ್ಲಾಸ್ ಹೆಸರು ಟಾಸ್ಕ್-ಬೋರ್ಡ್-ಟೈಟಲ್. ಅದಕ್ಕೆ ಲೈನ್-ಹೈಟ್ 1.6 ಕೊಟ್ಟು, ಫಾಂಟ್-ಫ್ಯಾಮಿಲಿಯಲ್ಲಿ ನೋಟೊ ಸ್ಯಾನ್ಸ್ ಕನ್ನಡ ಮೊದಲು ಬರುವಂತೆ ಬರೆದು ಉಳಿಸಿ.

ಹುಡುಕಾಟದಲ್ಲಿ ಒಂದು ಗುಪ್ತ ಗಂಡಾಂತರ ಇದೆ. "ಸಾಫ್ಟ್‌ವೇರ್" ಅಂತ ಬರೆಯುವಾಗ ಟ ಮತ್ತು ವ ಕೂಡಿಕೊಳ್ಳದಿರಲು ನಾವು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಯುನಿಕೋಡ್‌ನಲ್ಲಿ ಅದಕ್ಕೆ ಜೀರೊ ವಿಡ್ತ್ ನಾನ್ ಜಾಯಿನರ್ ಅಂತ ಹೆಸರು. ಒಬ್ಬರು ಅದನ್ನು ಹಾಕಿ ಕಾರ್ಡ್ ಬರೆದರು, ಇನ್ನೊಬ್ಬರು ಹಾಕದೆ ಹುಡುಕಿದರು. ಎಸ್‌ಕ್ಯುಲೈಟ್‌ಗೆ ಅವೆರಡೂ ಬೇರೆ ಬೇರೆ ಪದ, ಕಾರ್ಡ್ ಸಿಗುವುದಿಲ್ಲ. ಪರಿಹಾರ ಸುಲಭ: ಹುಡುಕಲು ಪದ ನೆಚ್ಚಬೇಡಿ, ಟ್ಯಾಗ್ ನೆಚ್ಚಿ. ಟ್ಯಾಗ್ ಅನ್ನು ಪಟ್ಟಿಯಿಂದ ಆರಿಸುವುದರಿಂದ ಬರಹದ ವ್ಯತ್ಯಾಸ ನುಸುಳುವುದಿಲ್ಲ.

ಹಳೇ ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಅಲ್ಲದ ಪಠ್ಯ ಇನ್ನೊಂದು ತಲೆನೋವು. ಡಿಟಿಪಿ ಅಂಗಡಿಯಿಂದ ಬಂದ ಬರಹವನ್ನು ಕಾರ್ಡಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಕಾರ್ಡಿನ ತಲೆಬರಹ ಮಾತ್ರ ಯುನಿಕೋಡ್‌ನಲ್ಲಿ ಬರೆಯಿರಿ, ಲೇಖನದ ಫೈಲನ್ನು ಇದ್ದ ಹಾಗೇ ಲಗತ್ತಿಸಿ. ಅಚ್ಚಿನ ಕೆಲಸಕ್ಕೆ ಅವರಿಗೆ ಅದೇ ಫೈಲ್ ಬೇಕಲ್ವಾ.

ಹಂತ 7: ನಿಮ್ಮದೇ ಒಂದು ಪುಟ್ಟ ಪ್ಲಗಿನ್

ಬಟನ್‌ಗಳು ಇಂಗ್ಲಿಷ್‌ನಲ್ಲಿವೆ, ತಂಡದ ಕೆಲವರಿಗೆ ಅದು ಕಷ್ಟ. ಇಡೀ ತಂತ್ರಾಂಶವನ್ನು ಕನ್ನಡಕ್ಕೆ ತರಲು ಸಾವಿರಕ್ಕೂ ಜಾಸ್ತಿ ಸಾಲು ಇವೆ. ಅಷ್ಟು ಬೇಡ. ಮೆಂಬರ್ ಒಬ್ಬರು ದಿನವೂ ನೋಡುವ ಪದಗಳು ಇಪ್ಪತ್ತು ಮೂವತ್ತು, ಅಷ್ಟೇ. ಅವನ್ನು ಮಾತ್ರ ಮಾಡೋಣ.

ಪ್ಲಗಿನ್ಸ್ ಫೋಲ್ಡರಿನಲ್ಲಿ ಹೊಸ ಫೋಲ್ಡರ್ ಮಾಡಿ. ಹೆಸರು ಕನ್ನಡ ಅಂತಲೇ ಇರಲಿ, ಇಂಗ್ಲಿಷ್ ಅಕ್ಷರದಲ್ಲಿ, ಮೊದಲಕ್ಷರ ದೊಡ್ಡದು. ಒಳಗೆ ಪ್ಲಗಿನ್.ಪಿಎಚ್‌ಪಿ ಫೈಲ್, ಅದರ ಮೊದಲಕ್ಷರವೂ ದೊಡ್ಡದು. ಫೈಲಿನಲ್ಲಿ ಪಿಎಚ್‌ಪಿ ಶುರುವಾಗುವ ಗುರುತಿನ ನಂತರದ ಮೊದಲ ಸಾಲು ನೇಮ್‌ಸ್ಪೇಸ್: ಕ್ಯಾನ್‌ಬೋರ್ಡ್, ಪ್ಲಗಿನ್, ಕನ್ನಡ, ನಡುವೆ ಹಿಂದೋರೆ ಗೆರೆ. ಆಮೇಲೆ ಕ್ಯಾನ್‌ಬೋರ್ಡ್‌ನ ಕೋರ್‌ನಿಂದ ಎರಡನ್ನು ಯೂಸ್ ಮಾಡಿಕೊಳ್ಳಿ: ಪ್ಲಗಿನ್ ಒಳಗಿನ ಬೇಸ್, ಟ್ರಾನ್ಸ್‌ಲೇಟರ್. ನಂತರ ಬೇಸ್ ಅನ್ನು ಎಕ್ಸ್‌ಟೆಂಡ್ ಮಾಡುವ ಪ್ಲಗಿನ್ ಎಂಬ ಕ್ಲಾಸ್. ಅದರಲ್ಲಿ ಎರಡು ಫಂಕ್ಷನ್. ಇನಿಶಿಯಲೈಜ್ ಖಾಲಿ ಇದ್ದರೂ ಇರಲೇಬೇಕು, ಬೇಸ್ ಅದನ್ನು ಕಡ್ಡಾಯ ಮಾಡಿದೆ. ಆನ್‌ಸ್ಟಾರ್ಟಪ್ ಒಳಗೆ ಒಂದೇ ಸಾಲು: ಟ್ರಾನ್ಸ್‌ಲೇಟರ್‌ನ ಲೋಡ್ ಕರೆದು, ಲ್ಯಾಂಗ್ವೇಜ್‌ಮಾಡೆಲ್‌ನಿಂದ ಈಗಿನ ಭಾಷೆಯನ್ನು ಕೊಟ್ಟು, ಈ ಪ್ಲಗಿನ್‌ನ ಲೊಕೇಲ್ ಫೋಲ್ಡರಿನ ದಾರಿ ತೋರಿಸುವುದು.

ಲೊಕೇಲ್ ಫೋಲ್ಡರಿನ ಒಳಗೆ ಅಮೆರಿಕನ್ ಇಂಗ್ಲಿಷ್‌ನ ಸಂಕೇತದ ಹೆಸರಲ್ಲಿ ಫೋಲ್ಡರ್, ಅಂದರೆ ಸಣ್ಣ ಇ ಎನ್, ಅಂಡರ್‌ಸ್ಕೋರ್, ದೊಡ್ಡ ಯು ಎಸ್. ಅದರಲ್ಲಿ ಟ್ರಾನ್ಸ್‌ಲೇಶನ್ಸ್.ಪಿಎಚ್‌ಪಿ. ಇಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಇರುವ ಒಂದು ಅರೇ ಬರೆದು ರಿಟರ್ನ್ ಮಾಡಿ. ಸೇವ್‌ಗೆ ಉಳಿಸಿ, ಡ್ಯೂ ಡೇಟ್‌ಗೆ ಕೊನೇ ದಿನ, ಅಸೈನಿಗೆ ಯಾರ ಕೆಲಸ, ಕಾಮೆಂಟ್ಸ್‌ಗೆ ಮಾತುಕತೆ. ಎಡಗಡೆಯ ಪದ ಕ್ಯಾನ್‌ಬೋರ್ಡ್‌ನಲ್ಲಿ ಇರುವ ಹಾಗೇ ಇರಬೇಕು, ದೊಡ್ಡಕ್ಷರ ಸಣ್ಣಕ್ಷರ ಸಮೇತ. ಅನುಮಾನ ಬಂದರೆ ಆ್ಯಪ್ ಫೋಲ್ಡರಿನೊಳಗಿನ ಲೊಕೇಲ್‌ನಲ್ಲಿ ಫ್ರೆಂಚ್ ಫೈಲ್ ತೆರೆಯಿರಿ, ಎಡಗಡೆಯ ಪಟ್ಟಿ ಪೂರ್ತಿ ಸಿಗುತ್ತದೆ. ಶೇಕಡಾ ಚಿಹ್ನೆಯ ಜೊತೆ ಎಸ್ ಅಥವಾ ಡಿ ಇದ್ದರೆ ಅಲ್ಲಿ ಹೆಸರು, ಸಂಖ್ಯೆ ಬರುತ್ತದೆ. ಅದನ್ನು ಅಳಿಸದೆ ಕನ್ನಡ ವಾಕ್ಯದಲ್ಲಿ ಸರಿಯಾದ ಜಾಗಕ್ಕೆ ಸರಿಸಿ.

ಇಂಗ್ಲಿಷ್ ಫೋಲ್ಡರಿಗೆ ಕನ್ನಡ ಯಾಕೆ? ಹೊಸ ಭಾಷೆ ಸೇರಿಸಬೇಕಾದರೆ ಲ್ಯಾಂಗ್ವೇಜ್‌ಮಾಡೆಲ್ ಫೈಲಿನ ಪಟ್ಟಿಯನ್ನು, ಅಂದರೆ ಮೂಲ ಕೋಡನ್ನೇ, ಮುಟ್ಟಬೇಕಾಗುತ್ತದೆ. ಆಮೇಲೆ ಪ್ರತಿ ಅಪ್‌ಡೇಟಿನಲ್ಲೂ ಮತ್ತೆ ತಿದ್ದಬೇಕು. ಇಂಗ್ಲಿಷ್‌ನ ಮೇಲೆ ಹೊದಿಸಿದರೆ ಆ ಗೋಜಿಲ್ಲ, ಬಿಟ್ಟ ಪದಗಳು ಇಂಗ್ಲಿಷ್‌ನಲ್ಲೇ ಉಳಿಯುತ್ತವೆ.

ಉಳಿಸಿದ ಮೇಲೆ ಬ್ರೌಸರ್‌ಗೆ ಓಡುವ ಮೊದಲು ಎರಡೂ ಫೈಲನ್ನು ಪಿಎಚ್‌ಪಿ ಡ್ಯಾಷ್ ಸಣ್ಣ ಎಲ್ ಕೊಟ್ಟು ಪರೀಕ್ಷಿಸಿ. ಒಂದು ಕಾಮಾ ಬಿಟ್ಟುಹೋಗಿದ್ದರೂ ಯಾವ ಸಾಲು ಅಂತ ಹೇಳುತ್ತದೆ. ಆದರೂ ಪುಟ ಬಿಳಿಯಾಗಿ ಬಂದರೆ ಹೆದರಬೇಡಿ. ಪ್ಲಗಿನ್ ಫೋಲ್ಡರನ್ನು ಬೇರೆಡೆಗೆ ಎತ್ತಿಡಿ, ಬೋರ್ಡ್ ಎದ್ದು ಬರುತ್ತದೆ. ಕ್ಲಾಸ್ ಸಿಗಲಿಲ್ಲ ಅನ್ನುವ ದೂರು ಬಂದರೆ ಫೋಲ್ಡರ್ ಹೆಸರು, ನೇಮ್‌ಸ್ಪೇಸ್ ಎರಡರಲ್ಲೂ ದೊಡ್ಡಕ್ಷರ ಒಂದೇ ಇದೆಯಾ ನೋಡಿ. ವಿಂಡೋಸ್‌ನಲ್ಲಿ ನಡೆದದ್ದು ಲಿನಕ್ಸ್‌ನಲ್ಲಿ ನಡೆಯದಿರುವುದು ಇಲ್ಲೇ.

ಬೇರೆಯವರ ಪ್ಲಗಿನ್ ಹಾಕುವ ಮೊದಲು ಅದನ್ನು ಕೊನೆಯ ಸಲ ಯಾವಾಗ ತಿದ್ದಿದ್ದಾರೆ ನೋಡಿ. ವೆಬ್ ಪುಟದಿಂದಲೇ ಪ್ಲಗಿನ್ ಹಾಕುವ ಸೌಲಭ್ಯ ಮೊದಲಿಗೆ ಆಫ್ ಆಗಿರುತ್ತದೆ. ಆಫ್ ಆಗಿಯೇ ಇರಲಿ.

ಹೊರಗಿನ ಸ್ಕ್ರಿಪ್ಟ್‌ನಿಂದ ಕಾರ್ಡ್ ಸೇರಿಸಬೇಕು ಅನ್ನುವವರಿಗೆ ಜೇಸನ್-ಆರ್‌ಪಿಸಿ ಅನ್ನುವ ಎಪಿಐ (ಬೇರೆ ತಂತ್ರಾಂಶ ಬಂದು ಮಾತಾಡುವ ದಾರಿ) ಇದೆ. ಸೆಟ್ಟಿಂಗ್ಸ್‌ನ ಎಪಿಐ ಪುಟದಲ್ಲಿ ಟೋಕನ್ ಸಿಗುತ್ತದೆ. ಬಳಕೆದಾರನ ಹೆಸರು ಜೇಸನ್‌ಆರ್‌ಪಿಸಿ, ಪಾಸ್‌ವರ್ಡ್ ಆ ಟೋಕನ್. ಕರ್ಲ್ ಮೂಲಕ ಕ್ರಿಯೇಟ್‌ಟಾಸ್ಕ್ ಕರೆದು ಟೈಟಲ್, ಪ್ರಾಜೆಕ್ಟ್ ಐಡಿ ಕೊಟ್ಟರೆ ಕಾರ್ಡ್ ಬಂದು ಕೂರುತ್ತದೆ. ಈ ಟೋಕನ್ ಎಲ್ಲ ಪ್ರಾಜೆಕ್ಟಿನ ಬೀಗ ತೆಗೆಯುತ್ತದೆ. ಸ್ಕ್ರಿಪ್ಟನ್ನು ಯಾರಿಗಾದರೂ ಕಳಿಸುವ ಮೊದಲು ಅದರಿಂದ ಟೋಕನ್ ಅಳಿಸಿ.

ಹಂತ 8: ಬ್ಯಾಕಪ್, ಅಪ್‌ಡೇಟ್, ಮುಂದಿನ ಸಂಚಿಕೆ

ಯಾರೋ ಕಾರ್ಡ್ ಸರಿಸುತ್ತಿರುವ ಹೊತ್ತಿನಲ್ಲಿ ಡಿಬಿ.ಎಸ್‌ಕ್ಯುಲೈಟ್ ಫೈಲನ್ನು ಸಿಪಿ ಕಮಾಂಡಿನಿಂದ ಕಾಪಿ ಮಾಡಿದರೆ ಅರ್ಧಂಬರ್ಧ ಪ್ರತಿ ಸಿಗಬಹುದು. ಎಸ್‌ಕ್ಯುಲೈಟ್3 ಟೂಲಿನ ಡಾಟ್ ಬ್ಯಾಕಪ್ ಆಜ್ಞೆ ಬಳಸಿ, ಅದು ಬೀಗ ನೋಡಿಕೊಂಡೇ ನಕಲು ಮಾಡುತ್ತದೆ. ಲಗತ್ತುಗಳು ಡೇಟಾಬೇಸಿನಲ್ಲಿ ಇಲ್ಲ, ಡೇಟಾದೊಳಗಿನ ಫೈಲ್ಸ್ ಫೋಲ್ಡರಿನಲ್ಲಿವೆ. ಅದನ್ನೂ ಆರ್‌ಸಿಂಕ್ ಕಮಾಂಡಿನಿಂದ ನಕಲು ಮಾಡಿ. ಎರಡನ್ನೂ ರಾತ್ರಿ ಕ್ರಾನ್‌ಗೆ ಹಾಕಿ ಇನ್ನೊಂದು ಯಂತ್ರಕ್ಕೆ ಕಳಿಸಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ, ಮೊದಲು ಹೇಳಿದ ಪಿಎಚ್‌ಪಿಯ ಪುಟ್ಟ ಸರ್ವರ್ ಬಳಸಿ ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.

ಮನೆಯಿಂದಲೂ ಬೋರ್ಡ್ ಬೇಕು ಅಂತ ರೌಟರ್‌ನಲ್ಲಿ ಪೋರ್ಟ್ ತೆರೆದಿಡಬೇಡಿ. ವೈರ್‌ಗಾರ್ಡ್ ಅನ್ನುವ ವಿಪಿಎನ್ (ಸುರಕ್ಷಿತ ಖಾಸಗಿ ದಾರಿ) ಹಾಕಿಕೊಳ್ಳಿ.

ಅಪ್‌ಡೇಟ್ ಬಂದಾಗ ಹಳೇ ಫೋಲ್ಡರಿನ ಮೇಲೆ ಹೊಸದನ್ನು ಸುರಿಯಬೇಡಿ. ಹಳೆಯದರ ಹೆಸರು ಬದಲಿಸಿ ಪಕ್ಕಕ್ಕಿಡಿ. ಹೊಸದನ್ನು ಬಿಚ್ಚಿ, ಹಳೆಯದರಿಂದ ಮೂರನ್ನು ಮಾತ್ರ ತನ್ನಿ: ಡೇಟಾ ಫೋಲ್ಡರ್, ಪ್ಲಗಿನ್ಸ್ ಫೋಲ್ಡರ್, ಕಾನ್ಫಿಗ್.ಪಿಎಚ್‌ಪಿ. ಮಾಲೀಕತ್ವ ಸರಿ ಇದೆಯಾ ನೋಡಿ. ಮೊದಲ ಸಲ ಪುಟ ತೆರೆದಾಗ ಡೇಟಾಬೇಸಿನ ರಚನೆ ತಾನಾಗಿ ಹೊಸದಾಗುತ್ತದೆ. ಅಲ್ಲಿಂದ ಹಿಂದಕ್ಕೆ ದಾರಿ ಇಲ್ಲ, ಆದ್ದರಿಂದ ಬ್ಯಾಕಪ್ ಆಗಿದೆ ಅಂತ ಖಾತ್ರಿ ಮಾಡಿಕೊಂಡೇ ತೆರೆಯಿರಿ. ಆಮೇಲೆ ಹಂತ 2ರ 403 ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಸಂಚಿಕೆ ಬಿಡುಗಡೆಯಾದ ಮೇಲೆ ಪ್ರಾಜೆಕ್ಟನ್ನು ಅಳಿಸಬೇಡಿ, ಕ್ಲೋಸ್ ಮಾಡಿ. ಮುಂದಿನ ಬಾರಿ ಅದರ ಸೆಟ್ಟಿಂಗ್ಸ್‌ನಲ್ಲಿ ಡೂಪ್ಲಿಕೇಟ್ ಒತ್ತಿದರೆ ಕಾಲಮ್‌ಗಳು ಬರುತ್ತವೆ. ಕ್ಯಾಟಗರಿ, ಸ್ವಿಮ್‌ಲೇನ್, ಆಟೊಮ್ಯಾಟಿಕ್ ಆ್ಯಕ್ಷನ್‌ಗಳನ್ನು ಟಿಕ್ ಹಾಕಿ ಆರಿಸಿ. ಟಾಸ್ಕ್ ಅನ್ನುವ ಟಿಕ್ ಮಾತ್ರ ಖಾಲಿ ಬಿಡಿ. ಅದನ್ನು ಹಾಕಿದರೆ ಹೋದ ಸಲದ ಎಲ್ಲ ಕಾರ್ಡುಗಳೂ ಹೊಸ ಬೋರ್ಡಿಗೆ ಬಂದು ಕೂರುತ್ತವೆ.